ಗುಂಡುಕಲ್ಲಿನ ಮೇಲೆ ಕುಳಿತ ದಿನ

ಅದು ೧೯೬೨ರ ಬೇಸಿಗೆ. ಹರಿಹರದಲ್ಲಿ ನಮ್ಮ ನಾದಿನಿಯ ಮಗನ ಮದುವೆ. ನಮ್ಮ ಯಜಮಾನರು ಹುಡುಗನ ಸೋದರಮಾವ. ಪ್ರಾಯದಲ್ಲಿ ದಾವಣಗೆರೆಯ ಗರಡಿಯಲ್ಲಿ ಹೆಸರು ಮಾಡಿದ ಪೈಲ್ವಾನರು. ಆಮೇಲೆ ಹತ್ತಿ ವ್ಯಾಪಾರಕ್ಕೆ ಕೂತು ಮೈ ಬಂತು, ಹಿಂದೆಯೇ ರಕ್ತದೊತ್ತಡವೂ ಬಂತು.

ಮದುವೆಗೆ ಮುಂಚೆ ಡಾಕ್ಟರು ಬಿಡಿಸಿ ಹೇಳಿದ್ದರು. “ದಿನಾ ನಡೀರಿ ಯಜಮಾನ್ರೇ. ಮಾತಾಡ್ತಾ ನಡಿಯಾಕೆ ಆಗ್ಬೇಕು, ಅಷ್ಟೇ ಜೋರಿರ್ಲಿ. ಮಾತು ನಿಂತ್ರೆ ನೀವೂ ನಿಂದರ್ರಿ. ಉಸಿರು ಬಿಗಿಹಿಡಿದು ಭಾರ ಎತ್ತೋದು ಮಾತ್ರ ಬ್ಯಾಡ, ಎದೆಗೆ ಪೆಟ್ಟು.” ಹೊರಗೆ ಬಂದವರೇ ಇವರು, “ನಡಿಯೋದು ಪಿಂಚಣಿಯೋರ ಕೆಲಸ. ಈ ವಿಷ್ಯ ಯಾರ ಮುಂದೂ ಬಾಯಿ ಬಿಡಬ್ಯಾಡ” ಎಂದು ನನ್ನಿಂದ ಆಣೆ ಮಾಡಿಸಿಕೊಂಡರು.

ಅಕ್ಷತೆ ಬಿದ್ದು ಊಟ ಮುಗಿಯುತ್ತಲೇ ಬೀಗರ ಅಂಗಳದಲ್ಲಿ ಗದ್ದಲ. ಗಂಡಿನ ಕಡೆಯವರೊಬ್ಬರು ಅಲ್ಲಿನ ಗುಂಡುಕಲ್ಲನ್ನು ಹೆಗಲಿಗೇರಿಸಿದರೇನೇ ಹೆಣ್ಣನ್ನು ಕಳಿಸುವುದು ಅವರ ಮನೆಯ ಪದ್ಧತಿಯಂತೆ. ತಮಾಷೆಯೇ, ಆದರೆ ಮೀಸೆಯ ಪ್ರಶ್ನೆ. “ಸೋದರಮಾವ ಪೈಲ್ವಾನರಲ್ರೀ? ಬರ್ರಿ ಮತ್ತೆ!” ಎಂದು ಬೀಗರು ಕೂಗಿದರು. ಇವರು ಶಲ್ಯ ತೆಗೆದು ಕಂಬಕ್ಕೆ ಸುತ್ತಿದರು.

ನಾನು ಬಾಗಿಲಲ್ಲಿ ಹೆಂಗಸರ ನಡುವೆ ನಿಂತಿದ್ದೆ. ಕೈಯಲ್ಲಿ ತಾಂಬೂಲದ ತಟ್ಟೆಯಿತ್ತು. ಹೇಳಿದರೆ ಗಂಡನ ಮಾನ ಹೋಗುತ್ತದೆ, ಹೇಳದಿದ್ದರೆ ಗಂಡನೇ ಹೋಗುತ್ತಾನೆ. ಅಷ್ಟರಲ್ಲಿ ಇವರು ಅಂಗೈಗೆ ಮಣ್ಣು ತಿಕ್ಕಿಕೊಂಡರು. ಮುಂದಿನದು ನಾನು ಯೋಚಿಸಿ ಮಾಡಿದ್ದಲ್ಲ. ತಟ್ಟೆ ಕೆಳಗಿಟ್ಟು, ಸೆರಗು ಹೊದ್ದು, ಗಂಡಸರ ನಡುವೆಯೇ ಹಾದು ಹೋಗಿ ಆ ಕಲ್ಲಿನ ಮೇಲೆ ಕುಳಿತುಬಿಟ್ಟೆ.

“ಏಳವ್ವ, ಅದು ಹನುಮಪ್ಪನ ಕಲ್ಲು!” ಎಂದು ಮುದುಕರೊಬ್ಬರು ಗದರಿದರು.

“ತಲೆ ಸುತ್ತುತೈತ್ರಿ, ಏಳಾಕಾಗಲ್ಲ” ಎಂದೆ. ಪೂರ್ತಿ ಸುಳ್ಳೂ ಅಲ್ಲ. ನೀರು ತಂದರು, ಬೀಸಣಿಗೆ ತಂದರು. ನಾನು ಜಪ್ಪಯ್ಯ ಅಂದರೂ ಏಳಲಿಲ್ಲ. ಕೊನೆಗೆ ಬೀಗರೇ ಬೇಸತ್ತು, “ಆತು, ಹೆಣ್ಣು ಕರ್ಕೊಂಡು ಹೋಗ್ರಪ್ಪ” ಎಂದರು. ಹೆಂಗಸರು ಬಾಯಿಗೆ ಸೆರಗಿಟ್ಟು ನಕ್ಕರು. ಇವರ ಮುಖ ಮಾತ್ರ ಕೆಂಡವಾಗಿತ್ತು.

ಸಂಜೆ ಇವರು ಒಬ್ಬರೇ ಹೊಳೆಯ ಕಡೆ ಹೊರಟರು. ನಾನು ಹಿಂದೆಯೇ ಓಡಿದೆ. ಸೇತುವೆಯ ಮೇಲೆ ಬಿರುಸಾಗಿ ನಡೆಯುತ್ತಿದ್ದರು, ಒಂದು ಮಾತಿಲ್ಲ. ನನಗೆ ಡಾಕ್ಟರ ಮಾತೇ ತಲೆಯಲ್ಲಿ. ಈ ಮೌನ ಸಿಟ್ಟಿನದೋ, ಉಸಿರು ಸಾಲದ್ದೋ? “ಏನಾರ ಮಾತಾಡ್ರಿ. ಬೇಕಾದ್ರೆ ಬೈರಿ” ಎಂದು ಅಂಗಲಾಚಿದೆ. ಇವರ ನಡಿಗೆ ಇನ್ನಷ್ಟು ಬಿರುಸಾಯಿತು.

ಸೇತುವೆ ಮುಗಿಯುವಾಗ ಹೆಜ್ಜೆ ನಿಧಾನ ಮಾಡಿದರು. ತಿರುಗಿ ನೋಡದೆಯೇ, “ಬರೀ ಕಲ್ಲಾಗಿದ್ರೆ ಎತ್ತುತಿದ್ದೆ. ನೀನು ಕುಂತ ಮ್ಯಾಲೆ ಆ ಹನುಮಪ್ಪಗೂ ಆಗ್ತಿರಲಿಲ್ಲ ಬಿಡು” ಎಂದರು. ನನಗೆ ನಗು ಬರಲಿಲ್ಲ. ಅಲ್ಲೇ ಕಟ್ಟೆ ಹಿಡಿದು ಅತ್ತುಬಿಟ್ಟೆ.

ಊರಿಗೆ ಬಂದ ಮೇಲೆ ಇಬ್ಬರೂ ಸಂಜೆ ಆವರಗೆರೆಯ ಹಾದಿಯಲ್ಲಿ ನಡೆಯತೊಡಗಿದೆವು. ಈಗಲೂ ನಡೆಯುತ್ತೇವೆ. ಕಲ್ಲಿನ ಸಂಗತಿ ತೆಗೆದು ಇವರು ದಾರಿಯುದ್ದಕ್ಕೂ ನನ್ನನ್ನು ಬೈಯುತ್ತಾರೆ. ಬೈಯಲಿ, ಕಿವಿಗೆ ಹಿತವಾಗಿರುತ್ತದೆ. ಬೈಗುಳ ಒಂದು ಗಳಿಗೆ ನಿಂತರೆ ಮಾತ್ರ ನಾನು ಗಾಬರಿಯಿಂದ ಅವರ ಮುಖ ನೋಡುತ್ತೇನೆ.