ಮೆಟ್ಟಿಲು ಹತ್ತಿದ ಹಸು

ಇವತ್ತು ಬೆಳಿಗ್ಗೆ ಸೊಸೆ ಪಡಸಾಲೆಯಲ್ಲಿ ಅವರೆಕಾಯಿ ಚೀಲ ಸುರಿದಳು, ಇಬ್ಬರೂ ಸುಲಿಯಲು ಕೂತೆವು. ಸೊಗಡು ಮೂಗಿಗೆ ಬಡಿದದ್ದೇ ತಡ, ಸಿಪ್ಪೆಯನ್ನು ಬುಟ್ಟಿಗೆ ಹಾಕುತ್ತಿದ್ದ ನನ್ನ ಕೈ ನಿಂತಿತು. ಮೇಲ್ಮನೆ ಮೇಡಂ ನೆನಪಾದರು. ಬಾಗಲಗುಂಟೆಯ ಈ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದವರು. ಅವರಿದ್ದಷ್ಟು ವರ್ಷ ನಮ್ಮ ಬೀದಿಯಲ್ಲಿ ಯಾರೂ ಅವರೆ ಸಿಪ್ಪೆಯನ್ನು ಕಸ ಎನ್ನುತ್ತಿರಲಿಲ್ಲ.

ಮೇಡಂ ಐವತ್ತು ದಾಟಿದ ವಿಜ್ಞಾನಿ. ಯಶವಂತಪುರದ ಕಡೆಯ ಒಂದು ಪ್ರಯೋಗಾಲಯಕ್ಕೆ ಸ್ಕೂಟರಿನಲ್ಲಿ ಹೋಗಿಬರುತ್ತಿದ್ದರು. ಬ್ಯಾಟರಿಗೆ ಹೊಸ ಸಾಮಗ್ರಿ ಹುಡುಕುವುದು ಅವರ ಕೆಲಸ. ಅವರೆ ಸಿಪ್ಪೆಯನ್ನು ತೊಳೆದು, ಒಣಗಿಸಿ, ಗಾಳಿಯಾಡದ ಕುಲುಮೆಯಲ್ಲಿ ಸುಟ್ಟು ಇದ್ದಿಲು ಮಾಡಿ, ಅದರಿಂದ ಅಂಗಿಯ ಗುಂಡಿಯಷ್ಟು ಬ್ಯಾಟರಿ ಕಟ್ಟುತ್ತಿದ್ದರು. ನಮ್ಮ ಮನೆಯವಳಿಗೆ ಅವರು ವಿವರಿಸಿದ್ದು ಇನ್ನೂ ಕಿವಿಯಲ್ಲಿದೆ.

"ಇದ್ದಿಲೊಳಗೆ ಸಣ್ಣ ಸಣ್ಣ ಗೂಡು ಇರುತ್ವೆ ಕಣ್ರೀ. ಚಾರ್ಜ್ ಮಾಡ್ದಾಗ ಸೋಡಿಯಂ ಬಂದು ಕೂತ್ಕೊಳ್ಳುತ್ತೆ, ಬಳಸ್ದಾಗ ಎದ್ದು ಹೋಗುತ್ತೆ. ನೆಂಟರ ಥರ."

"ನಮ್ಮನೇವ್ರ ಕಡೆ ನೆಂಟ್ರು ಎದ್ದು ಹೋಗೋದೇ ಇಲ್ವಲ್ಲ ಮೇಡಂ!"

"ನಂದೂ ಅದೇ ಗೋಳು! ಮೊದಲ್ನೇ ಸಲ ಬಂದವ್ರಲ್ಲಿ ಕೆಲವ್ರು ಅಲ್ಲೇ ಹಾಸಿಗೆ ಹಾಸ್ಬಿಡ್ತಾರೆ."

ಇಬ್ಬರೂ ನಕ್ಕರು. ನಾನು ಪೇಪರಿನ ಹಿಂದೆ ಮುಖ ಮರೆಸಿಕೊಂಡೆ.

ಅದೊಂದು ಚಳಿಗಾಲ... ಮೇಡಂ ಹೆಸರಘಟ್ಟದ ಕಡೆಯ ಒಂದೇ ಹೊಲದ ಕಾಯಿ ತರಿಸಿ, ಬೀದಿಯ ಹೆಂಗಸರನ್ನೆಲ್ಲ ಕೂರಿಸಿ ಸುಲಿಸಿದ್ದರು. ಕಾಳು ಸುಲಿದವರಿಗೆ, ಸಿಪ್ಪೆ ಮೇಡಂಗೆ. ಹಿಂದಿನ ವರ್ಷ ಅದೇ ಹೊಲದ ಸಿಪ್ಪೆಯಿಂದ ಒಳ್ಳೆಯ ಫಲಿತಾಂಶ ಬಂದಿತ್ತು. ಮತ್ತೊಮ್ಮೆ ಹಾಗೆಯೇ ಬಂದರಷ್ಟೇ ಕೆಲಸ ಮುಂದುವರಿಸಲು ಮೇಲಿನವರ ಒಪ್ಪಿಗೆ. ಒಣಗಿದ ಸಿಪ್ಪೆಯ ಚೀಲವನ್ನು ತಾರಸಿಯಲ್ಲಿಟ್ಟು, ಹಬ್ಬಕ್ಕೆ ತಂಗಿಯ ಮನೆಗೆ ಹೊರಟಾಗ ನನಗೆ ಹೇಳಿದರು, "ಯಜಮಾನ್ರೇ, ಬೇರೆ ಹೊಲದ್ದು ಒಂದ್ ಸಿಪ್ಪೇನೂ ಸೇರ್ಬಾರ್ದು. ನಿಮ್ದೇ ಕಾವಲು."

ಸಂಕ್ರಾಂತಿಯ ದಿನ ಹಿಂದಿನ ಬೀದಿಯ ಹಾಲಿನವನ ಹಸು, ಕೊಂಬಿಗೆ ಬಣ್ಣ ಬಳಿಸಿಕೊಂಡು ಗೇಟಿನ ಮುಂದೆ ಬಂದು ನಿಂತಿತು. ಅಂಗಡಿಗೆ ಹೋಗಿ ಬಾಳೆಹಣ್ಣು ತರಲು ನನಗೆ ಸೋಮಾರಿತನ. ಒಂದು ಬೊಗಸೆ ಹೋದರೇನು ಎಂದು ತಾರಸಿಯಿಂದ ಚೀಲ ಇಳಿಸಿ ತಂದೆ. ಅದು ತಲೆದೂಗುತ್ತ ತಿಂದ ಚಂದಕ್ಕೆ ಇನ್ನೊಂದು ಬೊಗಸೆ, ಮತ್ತೊಂದು... ಚೀಲದ ತಳ ಕಂಡಾಗಲೇ ಮೇಡಂ ಮಾತು ನೆನಪಾದದ್ದು. ಮಾರನೆಯ ದಿನ ಮಾರ್ಕೆಟ್ಟಿನ ಮೂಲೆಯಲ್ಲಿ ಬಿದ್ದಿದ್ದ ಸಿಪ್ಪೆಯನ್ನು ತುಂಬಿಕೊಂಡು ಬಂದು, ಒಣಗಿಸಿ, ಬಾಯಿ ಕಟ್ಟಿಟ್ಟೆ.

ಬ್ಯಾಟರಿ ಹಿಂದಿನಂತೆ ಬರಲಿಲ್ಲ. ಮೇಡಂ ಕುಲುಮೆಯನ್ನು ದೂರಿದರು, ಬ್ಯಾಟರಿಗೆ ಹಾಕುವ ಸೋಡಿಯಂ ಉಪ್ಪನ್ನು ದೂರಿದರು. ಕಡೆಗೊಂದು ಸಂಜೆ ಮೆಟ್ಟಿಲ ಮೇಲೆ ಕುಸಿದು ಕೂತು, "ನನ್ ಕೈಯೇ ಕೆಟ್ಟಿದೆ ಅನ್ಸುತ್ತೆ. ನಾಳೆ ಈ ಕೆಲ್ಸ ಬಿಟ್ಕೊಡ್ತೀನಿ" ಎಂದರು. ನನಗೆ ಸುಮ್ಮನಿರಲಾಗಲಿಲ್ಲ.

"ಆ ಸಿಪ್ಪೆ ನಿಮ್ದಲ್ಲ ಮೇಡಂ. ನಿಮ್ದನ್ನ ಹಸು ತಿಂದ್ಬಿಡ್ತು. ಹೆದರ್ಕೊಂಡು ಮಾರ್ಕೆಟ್ಟಿಂದು ತುಂಬ್ಸಿಟ್ಟೆ."

"ತಾರಸಿ ಮೇಲಿದ್ದ ಚೀಲಾನಾ?"

"ಹೂಂ... ಮೆಟ್ಲು ಹತ್ಕೊಂಡು ಬಂದ್ಬಿಡ್ತು."

ಅವರು ಆ ಕಿರಿದಾದ ಮೆಟ್ಟಿಲನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಸದ್ಯ, ನನ್ ಕೈ ಸರಿಯಾಗೇ ಇದೆ!"

ಹೇಗೋ ಇನ್ನೊಂದು ಅವಕಾಶ ಕೇಳಿ ಪಡೆದರು. ಮುಂದಿನ ಚಳಿಗಾಲ ಅದೇ ಹೊಲದ ಸಿಪ್ಪೆಯಿಂದ ಮೊದಲಿನ ಫಲಿತಾಂಶವೇ ಬಂದಾಗ ಇಡೀ ಬೀದಿಗೆ ಮೈಸೂರುಪಾಕು ಹಂಚಿದರು. ಆಮೇಲೆ ಪ್ರತಿ ಸಂಕ್ರಾಂತಿಗೂ ಆ ಹಸುವಿಗೆ ತಾವೇ ಬಾಳೆಹಣ್ಣು ತಿನ್ನಿಸಿ, "ಏನೇ ಕಳ್ಳಿ, ಮೆಟ್ಲು ಹತ್ತೋದು ಮರ್ತಿಲ್ಲ ತಾನೇ?" ಎನ್ನುತ್ತಿದ್ದರು. ಪಕ್ಕದಲ್ಲಿ ನಿಂತು ನಾನೂ ನಗುತ್ತಿದ್ದೆ. ಚೀಲ ಬಿಚ್ಚಿದ್ದು ನಾನೇ ಎಂಬ ಮಾತು ಬಾಯಿಯವರೆಗೆ ಬರುತ್ತಿತ್ತು, ನುಂಗಿಕೊಳ್ಳುತ್ತಿದ್ದೆ. ಅವರಿಗೆ ಗೊತ್ತಿತ್ತೇನೋ... ನಾನಾಗಿ ಹೇಳಲೆಂದು ಕಾದರೇನೋ...

ನಿವೃತ್ತರಾದ ಮೇಲೆ ಅವರು ತಂಗಿಯ ಊರಿಗೆ ಹೋದರು. ಹೋದ ವರ್ಷ ಆ ತಂಗಿ ಫೋನ್ ಮಾಡಿ, ಅಕ್ಕ ತೀರಿಕೊಂಡರು ಎಂದರು. ಹಸು ಅದಕ್ಕೂ ಮುಂಚೆಯೇ ಹೋಗಿತ್ತು, ನನ್ನ ತಪ್ಪನ್ನು ಹೊತ್ತುಕೊಂಡೇ. ಕ್ಷಮೆ ಕೇಳಬೇಕಾದ ಇಬ್ಬರೂ ಈಗಿಲ್ಲ.

ಬುಟ್ಟಿ ಎತ್ತಿಕೊಂಡು ಗೇಟಿಗೆ ಹೋದೆ. ಯಾವುದೋ ಹಸು ನಿಂತಿತ್ತು. ಸಿಪ್ಪೆಯನ್ನೆಲ್ಲ ಅದರ ಮುಂದೆ ಸುರಿದೆ.

"ಮಾವ, ಬುಟ್ಟೀಲಿದ್ದ ಸಿಪ್ಪೆ ಏನಾಯ್ತು?" ಎಂದು ಸೊಸೆ ಒಳಗಿನಿಂದ ಕೂಗಿದಳು.

"ಹಸುಗೆ ನಾನೇ ಕೊಟ್ಟೆ ಕಣಮ್ಮ" ಎಂದೆ. ಬೇಕೆಂದೇ ಗಟ್ಟಿಯಾಗಿ, ಮಹಡಿಗೂ ಕೇಳುವ ಹಾಗೆ.