ಕುಳ್ಳಮ್ಮ ಹೇಳಿ ಮಾಡಿಸಿದ ಮಣ್ಣು

ಕಾಡಿನೊಳಗಿನ ಹಾಡಿ, ತನ್ನ ಜನರ ಗುಡಿಸಲುಗಳ ಊರು, ಬಿಟ್ಟು ವೀರನಹೊಸಹಳ್ಳಿಯ ಬಳಿ ನೆಲೆಸಿ ಇಪ್ಪತ್ತು ವರ್ಷವಾದರೂ, ಹೆಜ್ಜೆ ನೋಡಿ ಆನೆ ಯಾವ ಹೊತ್ತಿಗೆ ಹಾದುಹೋಯಿತೆಂದು ಕುಳ್ಳಮ್ಮ ಹೇಳಬಲ್ಲಳು. ಆನೆ ತುಳಿದಾಗ ಮಣ್ಣು ಹೇಗೆ ಕುಸಿಯುತ್ತದೆಂದು ಕಂಪ್ಯೂಟರಿನಲ್ಲಿ ಲಕ್ಷಾಂತರ ಕಣಗಳನ್ನು ಪೇರಿಸಿ ನೋಡುವ ಅನುಶ್ರೀ ಅವಳನ್ನು ಹುಡುಕಿಕೊಂಡು ಬಂದದ್ದು ಅದಕ್ಕೇ.

ಊರ ಹೊಲದ ಮಣ್ಣನ್ನು ಕಂಪ್ಯೂಟರಿನಲ್ಲಿ ಮೂಡಿಸುವ ಲೆಕ್ಕ ಮುಗಿದ ದಿನ ಕುಳ್ಳಮ್ಮ ಕೇಳಿದಳು, "ನಮ್ಮ ಹಳೇ ಹಾಡಿ ಮಣ್ಣ ಇದರಾಗೆ ಮಾಡಕ್ಕಾಯ್ತದಾ?"

"ಒಂದು ಹಿಡಿ ತಂದ್ಕೊಡಿ, ಮಾಡ್ತೀನಿ."

"ಫಾರೆಸ್ಟಿನೋರು ಒಳೀಕೆ ಬುಡಕಿಲ್ಲ ಕಣವ್ವ. ನಾನು ಹೇಳ್ತೀನಿ, ನೀನು ಮಾಡು."

ಅವಳು ಹೇಳುತ್ತ ಹೋದಳು, ಅನುಶ್ರೀ ಕಣಗಳ ಅಂಟು ಬದಲಿಸುತ್ತ ಹೋದಳು. ಪರದೆಯ ಮಣ್ಣಿನಲ್ಲಿ ಒತ್ತಿ ನೋಡಿದ ಗುಳಿಯ ಅಂಚು ಮೂರು ಸಲ ಉದುರಿತು. "ಉದುರೋ ಮಣ್ಣಲ್ಲ ನಮ್ದು! ಮಳೆ ನಿಂತ ಮೂರ್ನೇ ದಿನದ್ದು ಮಾಡು," ಎಂದು ಕುಳ್ಳಮ್ಮ ರೇಗಿದಳು. ನಾಲ್ಕನೇ ಸಲ ಅಂಚು ನಿಂತಿತು. ಕುಳ್ಳಮ್ಮ ಬಾಗಿ ಪರದೆಯ ಮೇಲೆ ಆ ಅಂಚಿನುದ್ದಕ್ಕೂ ಬೆರಳಾಡಿಸಿದಳು.

"ಇದೇಯ," ಎಂದಳು ಕೊನೆಗೆ.

"ಈಗ ಆನೆ ಹೆಜ್ಜೆ ಇಡ್ಲಾ, ಅಜ್ಜಿ?"

"ಆನೆ ದಿನಾ ಅಲ್ಲೇ ಓಡಾಡ್ತದೆ, ಬುಡು." ಕುಳ್ಳಮ್ಮ ಚಪ್ಪಲಿ ಕಳಚಿ ಪಾದ ಮುಂದೆ ಚಾಚಿದಳು. "ನಂದು ಅಳತೆ ತಕ್ಕೊ."