ಹದಿನೈದು ಇಂಚಿನ ಮೆತ್ತೆ

ಶಿಡ್ಲಘಟ್ಟದ ತಾಲ್ಲೂಕು ಕಚೇರಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತರಾಗಿದ್ದ ಆವಲಪ್ಪನವರು ಯಾರಿಂದಲೂ ಒಂದು ವೀಳ್ಯದೆಲೆಯನ್ನೂ ಮುಟ್ಟಿದವರಲ್ಲ. ಹಾಗೆಯೇ, ಯಾರ ಅರ್ಜಿಯನ್ನೂ ಮೊದಲ ಸಲಕ್ಕೇ ತೆಗೆದುಕೊಂಡವರೂ ಅಲ್ಲ. ಎಡಗಡೆ ಅಂಚು ಬಿಟ್ಟಿಲ್ಲ, ತಾರೀಖು ತಿದ್ದಿದೆ, ಹೆಬ್ಬೆಟ್ಟು ಮಸುಕಾಗಿದೆ ಎಂದು ಒಂದಲ್ಲ ಒಂದು ಕೊರತೆ ಅವರಿಗೆ ಸಿಕ್ಕೇ ಸಿಗುತ್ತಿತ್ತು. ಅವರು ಕಿಟಕಿ ಮುಚ್ಚಿದ ಸದ್ದು ಕೇಳಿ ಎದುರಿನ ಅಂಗಡಿಯವರು ಗಡಿಯಾರದ ಮುಳ್ಳು ಸರಿಮಾಡಿಕೊಳ್ಳುತ್ತಿದ್ದರು.

ಇಂಥವರು ೧೯೫೮ರಲ್ಲಿ ನಿವೃತ್ತರಾಗಿ, ಮನೆಯ ಜಗಲಿಯ ಮೇಲೆ ಮೇಜು ಹಾಕಿಕೊಂಡು, ಜನರಿಗೆ ಬಿಟ್ಟಿಯಾಗಿ ಅರ್ಜಿ ಬರೆದುಕೊಡಲು ಕುಳಿತರು.

"ಊರಿನವರ ಅರ್ಜಿಯೆಲ್ಲ ವಾಪಸ್ ಕಳಿಸಿದ್ದಾಯ್ತು. ಈಗ ನಿಮ್ಮ ಅರ್ಜೀನ ಯಾರಾದ್ರೂ ವಾಪಸ್ ಕಳಿಸೋದನ್ನ ನೋಡಿ ಕಣ್ಮುಚ್ತೀನಿ" ಎಂದರು ಹೆಂಡತಿ ಆದಿಲಕ್ಷ್ಮಮ್ಮ.

"ನನ್ನ ಅರ್ಜಿ ವಾಪಸ್ ಬರಲ್ಲ ಕಣೇ."

"ಹಾಗಾದ್ರೆ ನಂಗೆ ಸಾವಿಲ್ಲ ಬಿಡಿ."

ಆ ಜಗಲಿಗೆ ಒಂದು ದಿನ ಬಾಬಾಜಾನ್ ಬಂದು ನಿಂತ. ಜಟಕಾ ಗಾಡಿಗಳಿಗೆ ಮೆತ್ತೆ ಹೊಲಿಯುವವನು. ಅವನ ಅಪ್ಪನೂ ಅದನ್ನೇ ಹೊಲಿದವನು. ಸರ್ಕಾರಿ ಬಸ್ಸು ಬಂದ ಮೇಲೆ ಊರಿನ ಮೂವತ್ತು ಜಟಕಾಗಳಲ್ಲಿ ಉಳಿದದ್ದು ಒಂಬತ್ತು. ಆ ಒಂಬತ್ತರ ಕುದುರೆಗಳೂ ಬಸ್ಸು ಕಂಡರೆ ತಾವಾಗಿಯೇ ದಾರಿ ಬಿಡುವಷ್ಟು ಸೋತಿದ್ದವು. ಹೊಸ ಮೆತ್ತೆ ಹೊಲಿಸುವವರು ಯಾರೂ ಇರಲಿಲ್ಲ.

"ಬಸ್ಸಿನ ಸೀಟಿಗೆ ಟೆಂಡರ್ ಕರೆದವ್ರಂತೆ, ಗುಮಾಸ್ತರೇ. ಬೆಂಗಳೂರಿನ ದೊಡ್ಡ ಕಂಪನಿಯವರು ಹಾಕ್ತಾರೆ. ನಾನೂ ಹಾಕಬಹುದಾ? ಇದೂ ಸಿಗದಿದ್ರೆ ದಬ್ಬಳ ಎತ್ತಿಟ್ಟು ರೇಷ್ಮೆ ಬಿಚ್ಚೋ ಕಡೆ ಕೂಲಿಗೆ ಹೋಗ್ತೀನಿ."

ಟೆಂಡರಿನ ಕಾಗದ ಇಂಗ್ಲಿಷಿನಲ್ಲಿತ್ತು. ಆವಲಪ್ಪನವರು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು. ಸಣ್ಣ ಕಸುಬಿನವರನ್ನು ಹೊರಗಿಡಲು ಬರೆದಂತಿದ್ದ ಒಂದು ಷರತ್ತು ಸಿಕ್ಕಿತು: ವಾಹನಗಳ ಆಸನ ತಯಾರಿಕೆಯಲ್ಲಿ ಐದು ವರ್ಷದ ಅನುಭವ ಇರತಕ್ಕದ್ದು.

"ಬಸ್ಸಿನ ಸೀಟು ನಾನು ಮುಟ್ಟಿದ್ದೇ ಇಲ್ಲ, ಸ್ವಾಮಿ" ಎಂದ ಬಾಬಾಜಾನ್.

"ಬಸ್ಸು ಅಂತ ಎಲ್ಲಯ್ಯಾ ಇದೆ? ವಾಹನ ಅಂತಿದೆ. ಜಟಕಾಗೆ ಪುರಸಭೆಯವರು ನಂಬರಿನ ತಗಡು ಹೊಡೆದಿದ್ದಾರೋ ಇಲ್ವೋ?"

"ಹೊಡೆದವ್ರೆ."

"ಹಾಗಾದ್ರೆ ಅದು ವಾಹನ. ಕುದುರೆ ಅದರ ಇಂಜಿನ್ನು."

ಒಂಬತ್ತು ಜಟಕಾದವರಿಂದಲೂ ಬಾಬಾಜಾನನ ಕೆಲಸಕ್ಕೆ ಪ್ರಮಾಣಪತ್ರ ಬರೆಸಿ, ತಗಡಿನ ನಂಬರು ನಮೂದಿಸಿ, ಹೆಬ್ಬೆಟ್ಟು ಹಾಕಿಸಿದರು. ಎರಡು ಹೆಬ್ಬೆಟ್ಟು ಮಸುಕಾಗಿವೆಯೆಂದು ಹೊಸದಾಗಿ ಹಾಕಿಸಿದರು. ಅಭ್ಯಾಸ ಸುಲಭಕ್ಕೆ ಹೋಗುವುದಲ್ಲ. ಟೆಂಡರಿನ ಜೊತೆಗೆ ಒಂದು ಮಾದರಿ ಮೆತ್ತೆ ಕೊಡಬೇಕಿತ್ತು. ಅದರ ಅಳತೆ ಮುಂದಿನಿಂದ ಹಿಂದಕ್ಕೆ ಹದಿನೈದು ಇಂಚು ಎಂದು ಆವಲಪ್ಪನವರು ಬಾಬಾಜಾನನಿಗೆ ಕನ್ನಡದಲ್ಲಿ ಚೀಟಿ ಬರೆದುಕೊಟ್ಟರು.

ನಿಗದಿಯಾದ ದಿನ ಇಬ್ಬರೂ ಚಿಕ್ಕಬಳ್ಳಾಪುರದ ಬಸ್ಸಿನ ಕಚೇರಿಗೆ ಹೋದರು. ಅಲ್ಲಿ ಕಿಟಕಿಯ ಹಿಂದೆ ಕುಳಿತಿದ್ದವನು ಕೋನಪ್ಪ. ತಾಲ್ಲೂಕು ಕಚೇರಿಯಲ್ಲಿ ಆವಲಪ್ಪನವರ ಕೈಕೆಳಗೇ ಕೆಲಸ ಕಲಿತು ಈ ಇಲಾಖೆಗೆ ಬಂದವನು. ಹತ್ತೂಕಾಲಿಗೆ ಲಕೋಟೆ ಪೆಟ್ಟಿಗೆಗೆ ಬಿತ್ತು. ಮೆತ್ತೆ ಒಪ್ಪಿಸುವ ಮುಂಚೆ ಆವಲಪ್ಪನವರು, ಕೈ ಸುಮ್ಮನಿರಲಾರದೆ, ಜೇಬಿನಿಂದ ಅಳತೆಪಟ್ಟಿ ತೆಗೆದರು.

ಹದಿನೆಂಟು ಇಂಚು.

"ಬಾಬಾಜಾನ್, ಇದೇನಯ್ಯಾ?"

"ಮೂರು ಇಂಚು ಜಾಸ್ತಿ ಕೊಟ್ಟಿದ್ದೀನಿ ಸ್ವಾಮಿ, ಕಡಿಮೆ ಏನೂ ಮಾಡಿಲ್ಲ. ಹದಿನೈದಕ್ಕೆ ಹೊಲಿದು, ಮೇಲೆ ಕೂತು ನೋಡಿದೆ. ಮೊಣಕಾಲು ಹೊರಗೆ ಬರ್ತದೆ."

"ಮೊಣಕಾಲು ಯಾಕೆ ಬರುತ್ತೆ?"

"ಕಾಲು ಮಡಚಿದ್ರೆ ಬರಲ್ವಾ?"

ಜಟಕಾದಲ್ಲಿ ಹುಲ್ಲು ಹರಡಿ, ಮೇಲೆ ಮೆತ್ತೆ ಹಾಸಿ, ಜನ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ. ಎರಡು ತಲೆಮಾರು ಮಡಚಿದ ಕಾಲಿಗೇ ಮೆತ್ತೆ ಹೊಲಿದವನಿಗೆ, ಕಾಲು ಇಳಿಬಿಟ್ಟು ಪ್ರಯಾಣ ಮಾಡುವ ಮನುಷ್ಯ ಇದ್ದಾನೆಂಬುದೇ ಹೊಳೆದಿರಲಿಲ್ಲ.

"ಬಸ್ಸಲ್ಲಿ ಕಾಲು ಕೆಳಗೆ ಬಿಡ್ತಾರೆ ಕಣಯ್ಯಾ!"

"ಎಷ್ಟೊತ್ತು ಬಿಡ್ತಾರೆ? ಜೋಮು ಹಿಡಿಯಲ್ವಾ?"

ವಾದಕ್ಕೆ ಹೊತ್ತಿರಲಿಲ್ಲ. ಅಳತೆ ತಪ್ಪಿದ ಮಾದರಿಯನ್ನು ಪರಿಗಣಿಸಲಾಗದು ಎಂದು ಕಾಗದದಲ್ಲಿ ಸ್ಪಷ್ಟವಾಗಿತ್ತು. ಇಬ್ಬರೂ ಕಚೇರಿಯ ಹಿಂದಿನ ಜಗಲಿಗೆ ಹೋದರು. ಬಾಬಾಜಾನ್ ಒಂದು ಅಂಚಿನ ಹೊಲಿಗೆ ಬಿಚ್ಚಿದ. ತೆಂಗಿನ ನಾರನ್ನೆಲ್ಲ ಆವಲಪ್ಪನವರ ಇಸ್ತ್ರಿ ಮಾಡಿದ ಪಂಚೆಯ ಮಡಿಲಿಗೆ ಸುರಿದ. ಮೂವತ್ತೊಂದು ವರ್ಷ ಮಸಿಯ ಕಲೆಯನ್ನೂ ಕಾಣದ ಬಟ್ಟೆ ಅದು. ಆಮೇಲೆ ಮೆತ್ತೆಯ ಅಂಚನ್ನು ಮೂರು ಇಂಚು ಒಳಕ್ಕೆ ಮಡಚಿ ಅವರ ಕೈಗೆ ಕೊಟ್ಟ.

"ನೀವು ಗಟ್ಟಿಯಾಗಿ ಹಿಡೀರಿ, ಗುಮಾಸ್ತರೇ. ಅಲುಗಾಡಬೇಡಿ."

"ಹಿಡಿದಿದ್ದೀನಯ್ಯಾ."

"ಅರ್ಜಿ ಹಿಡಿದಂಗೆ ಎರಡು ಬೆರಳಲ್ಲಿ ಹಿಡಿದ್ರೆ ಆಗಲ್ಲ."

ದಬ್ಬಳ ಒಮ್ಮೆ ಗುಮಾಸ್ತರ ಹೆಬ್ಬೆರಳಿಗೂ ತಾಕಿತು. ಕೊನೆಯ ಗಂಟು ಬಿದ್ದಾಗ ಹನ್ನೊಂದೂ ಮುಕ್ಕಾಲು. ಕಿಟಕಿ ಮುಚ್ಚಿತ್ತು. ಆವಲಪ್ಪನವರು ಬಡಿದರು. ಕೋನಪ್ಪ ಕಿಟಕಿಯ ಒಂದು ಬಾಗಿಲನ್ನಷ್ಟೇ ತೆರೆದು, ನಾರು ಮೆತ್ತಿಕೊಂಡಿದ್ದ ತನ್ನ ಗುರುಗಳನ್ನು ಮೇಲಿಂದ ಕೆಳಗೆ ನೋಡಿದ.

"ಹನ್ನೊಂದಕ್ಕೆ ಮುಚ್ಚಿದ್ದೀನಿ, ಸಾರ್. ಮುಚ್ಚಿದ ಕಿಟಕಿ ಅಪ್ಪ ಬಂದ್ರೂ ತೆಗೀಬಾರ್ದು ಅಂತ ಹೇಳ್ಕೊಟ್ಟೋರು ನೀವೇ."

ಬಾಬಾಜಾನ್ ಮೆತ್ತೆಯನ್ನು ಎದೆಗವಚಿಕೊಂಡು ಹೊರಡಲು ತಿರುಗಿದ. ಆವಲಪ್ಪನವರು ಅವನ ತೋಳು ಹಿಡಿದು ನಿಲ್ಲಿಸಿದರು.

"ಸರಿಯಾಗೇ ಮಾಡಿದ್ದೀಯ, ಕೋನಪ್ಪ. ಈಗ ಏಳನೇ ಷರತ್ತು ಓದಪ್ಪ. ಗಟ್ಟಿಯಾಗಿ."

ಕೋನಪ್ಪ ಓದಿದ. ಲಕೋಟೆಗಳು ಹನ್ನೊಂದರೊಳಗೆ, ಮಾದರಿಗಳು ಲಕೋಟೆ ಒಡೆಯುವ ಮುಂಚೆ. ಒಡೆಯುವುದು ಹನ್ನೆರಡಕ್ಕೆ. ಇನ್ನೊಮ್ಮೆ ಓದಿದ. ಗೋಡೆಯ ಗಡಿಯಾರದಲ್ಲಿ ಇನ್ನೂ ಹತ್ತು ನಿಮಿಷವಿತ್ತು.

"ನೀವು ಬದಲಾಗಿಲ್ಲ, ಸಾರ್" ಎಂದು ಮೆತ್ತೆಗೆ ಚೀಟಿ ಅಂಟಿಸಿದ.

"ರಸೀತಿ?" ಎಂದರು ಆವಲಪ್ಪನವರು.

ತಿಂಗಳಾದ ಮೇಲೆ ಆದೇಶ ಬಂತು. ಹೊಸ ಬಸ್ಸುಗಳ ಸೀಟು ಬೆಂಗಳೂರಿನ ಕಂಪನಿಗೆ ಹೋಯಿತು. ಆದರೆ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ದಾರಿಯಲ್ಲಿ ಓಡುವ ಹಳೆಯ ಬಸ್ಸುಗಳ ಮೆತ್ತೆ ಹೊಲಿಯುವ ಕೆಲಸ ಎರಡು ವರ್ಷಕ್ಕೆ ಬಾಬಾಜಾನನದಾಯಿತು. ಅವನ ಹೆಂಡತಿ ಹಮೀದಾ ಬೇಗಂ ಗುಮಾಸ್ತರ ಮನೆಗೆ ಶ್ಯಾವಿಗೆ ಕಳಿಸಿದಳು. ಆವಲಪ್ಪನವರು ನಿಯಮದಂತೆ ಅದನ್ನು ಹಿಂದಕ್ಕೆ ಕಳಿಸಿದರು. ಆದಿಲಕ್ಷ್ಮಮ್ಮ ಬೀದಿಗೆ ಓಡಿಹೋಗಿ ವಾಪಸ್ ತಂದರು.

"ಕೆಲಸ ಬಿಟ್ಟಮೇಲೂ ಲಂಚವೇನ್ರೀ? ಸುಮ್ನೆ ತಿನ್ನಿ."

ಆ ಬೇಸಗೆಯಲ್ಲಿ ಆವಲಪ್ಪನವರು ಚಿಂತಾಮಣಿಗೆ ಹೊರಟರು. ಬಸ್ಸಿನಲ್ಲಿ ಹೊಸ ಮೆತ್ತೆಗಳಿದ್ದವು. ಯಾರೂ ನೋಡದಾಗ ಒಂದನ್ನು ಅಳೆದು ನೋಡಿದರು. ಹದಿನೈದು, ಒಂದು ನೂಲೆಳೆಯೂ ಹೆಚ್ಚಿರಲಿಲ್ಲ. ಪಕ್ಕಕ್ಕೆ ಕೆಂಚಾರ್ಲಹಳ್ಳಿಯ ಮುದುಕಿಯೊಬ್ಬಳು ಬಂದಳು. ಬಸ್ಸು ಊರು ದಾಟುವ ಮುಂಚೆಯೇ ಚಪ್ಪಲಿ ಬಿಟ್ಟು, ಎರಡು ಕಾಲನ್ನೂ ಸೀಟಿನ ಮೇಲೆ ಎಳೆದುಕೊಂಡು ಚಕ್ಕಳಮಕ್ಕಳ ಹಾಕಿದಳು. ಒಂದು ಮೊಣಕಾಲು ಓಡಾಡುವ ಜಾಗಕ್ಕೆ ಚಾಚಿತು. ಇನ್ನೊಂದು ಆವಲಪ್ಪನವರ ಪಕ್ಕೆಗೆ ಒತ್ತಿತು.

"ಅಯ್ಯೋ ದೇವುಡಾ! ಇನ್ನೊಂದು ಗೇಣು ಬಿಟ್ಟಿದ್ರೆ ಇವನ ಗಂಟೇನು ಹೋಗ್ತಿತ್ತು? ಯಾವ ಜಿಪುಣ ನನ್ಮಗ ಅಳತೆ ಕೊಟ್ನೋ!"

ಆವಲಪ್ಪನವರು ಹಿಂದೆ ನೋಡಿದರು. ಏಳು ಸೀಟುಗಳಲ್ಲಿ ಐದರಲ್ಲಿ ಕಾಲುಗಳು ಮೆತ್ತೆಯ ಮೇಲಿದ್ದವು.

"ಯಾರೋಮ್ಮ, ನಂಗೊತ್ತಿಲ್ಲ" ಎಂದು ಹೇಳಿ, ಮುದುಕಿಯ ಮೊಣಕಾಲಿಗಾಗಿ ಮೂರು ಇಂಚು ಸರಿದು ಕುಳಿತರು.